ಮಕ್ಕಳನ್ನು ಕಟ್ಟಿಕೊಂಡು ರೈಲು, ಬಸ್ಸಲ್ಲೇ ಮೈಸೂರು ನೋಡಿ ಬರುವುದು ಹೇಗೆ: ಒಂದೇ ದಿನದ ಪೂರ್ತಿ ಲೆಕ್ಕ

ಬೆಂಗಳೂರಿಂದ ಕಾರಿಲ್ಲದೆ, ಮಕ್ಕಳು ಮತ್ತು ವಯಸ್ಸಾದವರ ಜೊತೆ ಒಂದೇ ದಿನದಲ್ಲಿ ಮೈಸೂರು ಮುಗಿಸಿ ಬರಬೇಕು ಅಂತ ಹೊರಟವರ ಕಥೆ ಹೆಚ್ಚುಕಮ್ಮಿ ಒಂದೇ. ಬೆಳಗ್ಗೆ ಲೇಟು, ಮಧ್ಯಾಹ್ನ ಬಿಸಿಲಲ್ಲಿ ಝೂ, ಅರಮನೆ ಬಾಗಿಲಿಗೆ ಬರುವಷ್ಟರಲ್ಲಿ ಟಿಕೆಟ್ ಕೌಂಟರ್ ಬಂದ್, ರಾತ್ರಿ ಬಸ್ಸಲ್ಲಿ ನಿಂತುಕೊಂಡೇ ವಾಪಸ್. ನಾನೂ ಮೊದಲ ಸಲ ಹೀಗೇ ಮಾಡಿದವನು. ಅತ್ತೆ, ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಎಲ್ಲರೂ ನನ್ನ ಮೇಲೆ ಮುನಿಸಿಕೊಂಡೇ ಮನೆ ಸೇರಿದ್ದರು.

ಆಮೇಲೆ ನಾಲ್ಕೈದು ಸಲ ಹೋಗಿ ಗೊತ್ತಾಗಿದ್ದು ಇಷ್ಟೇ: ಯಾವ ಜಾಗ ನೋಡಬೇಕು ಅನ್ನುವುದು ಸಮಸ್ಯೆ ಅಲ್ಲ, ಯಾವುದನ್ನು ಯಾವುದರ ನಂತರ ನೋಡಬೇಕು ಅನ್ನುವುದೇ ಸಮಸ್ಯೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಹಂತ 1: ದಿನ ಆರಿಸಿ, ಪಟ್ಟಿ ಕತ್ತರಿಸಿ

ಮಂಗಳವಾರ ಹೋಗಬೇಡಿ. ಝೂಗೆ ಅಂದು ವಾರದ ರಜೆ, ಪಕ್ಕದ ಕಾರಂಜಿ ಕೆರೆಯೂ ಇರಲ್ಲ. ಶಾಲೆಗೆ ರಜೆ ಸಿಕ್ಕಿತು ಅಂತ ಸುಮ್ನೆ ಮಂಗಳವಾರ ಹೊರಟು, ಮುಚ್ಚಿದ ಗೇಟಿನ ಮುಂದೆ ಮಕ್ಕಳನ್ನು ಸಮಾಧಾನ ಮಾಡುತ್ತಾ ನಿಂತವರನ್ನು ಕಣ್ಣಾರೆ ನೋಡಿದ್ದೇನೆ.

ಅರಮನೆಯ ದೀಪಾಲಂಕಾರ ನೋಡಬೇಕಿದ್ದರೆ ಭಾನುವಾರ ಅಥವಾ ಸರ್ಕಾರಿ ರಜೆ ದಿನ ಹೋಗಿ, ಸಂಜೆ 7ಕ್ಕೆ ಹತ್ತಿಸುತ್ತಾರೆ. ದೀಪ ಬೇಡ, ಜನ ಕಡಿಮೆ ಇದ್ದರೆ ಸಾಕು ಅನ್ನುವವರು ವಾರದ ನಡುವಿನ ದಿನ ನೋಡಿಕೊಳ್ಳಿ. ದಸರಾ ಹತ್ತು ದಿನ ಚಿಕ್ಕ ಮಕ್ಕಳ ಜೊತೆ ಒಂದು ದಿನದ ಟ್ರಿಪ್ ಬೇಡವೇ ಬೇಡ. ರಸ್ತೆ ಬಂದ್ ಆಗುತ್ತವೆ, ಬಸ್ಸು ದಾರಿ ಬದಲಿಸುತ್ತವೆ, ನಿಮ್ಮ ಲೆಕ್ಕ ಒಂದೂ ಕೆಲಸಕ್ಕೆ ಬರಲ್ಲ.

ಇನ್ನು ಪಟ್ಟಿ. ಝೂ, ಅರಮನೆ, ಚಾಮುಂಡಿ ಬೆಟ್ಟ, ಕೆಆರ್‌ಎಸ್, ರೈಲ್ವೆ ಮ್ಯೂಸಿಯಂ, ಮಾರ್ಕೆಟ್ಟು, ಚರ್ಚು... ಎಲ್ಲವನ್ನೂ ಬರೆದುಕೊಂಡಿರುತ್ತೀರಿ, ಅಲ್ವಾ? ದೊಡ್ಡದು ಎರಡು, ಚಿಕ್ಕದು ಒಂದು. ಅಷ್ಟೇ ಉಳಿಸಿ. ಈ ಲೇಖನದಲ್ಲಿ ನಾನು ದೊಡ್ಡದಕ್ಕೆ ಝೂ ಮತ್ತು ಅರಮನೆ, ಚಿಕ್ಕದಕ್ಕೆ ದೇವರಾಜ ಮಾರುಕಟ್ಟೆ ಇಟ್ಟುಕೊಂಡಿದ್ದೇನೆ.

ತುಂಬಾ ಜನ ಮಾಡುವ ಒಂದು ತಪ್ಪು: ಅರಮನೆ ದೀಪ ಮತ್ತು ಕೆಆರ್‌ಎಸ್ ಅಣೆಕಟ್ಟಿನ ಬೃಂದಾವನ ತೋಟದ ಕಾರಂಜಿ ಎರಡನ್ನೂ ಒಂದೇ ಸಂಜೆಗೆ ಹಾಕಿಕೊಳ್ಳುವುದು. ಎರಡೂ ಕತ್ತಲಾದ ಮೇಲೆಯೇ. ಕೆಆರ್‌ಎಸ್ ಇರುವುದು ಊರಿಂದ ಸುಮಾರು 20 ಕಿಲೋಮೀಟರ್ ಆಚೆ. ಕಾರಿದ್ದವರಿಗೇ ಆಗದ ಮಾತು.

## ಹಂತ 2: ಮೊದಲು ವಾಪಸ್ ಟಿಕೆಟ್ ಮಾಡಿಸಿ

ಹೌದು, ಹೋಗುವುದಕ್ಕಿಂತ ಮೊದಲು ಬರುವುದು. ಬೆಳಗ್ಗೆ ಎಲ್ಲರೂ ಹುಮ್ಮಸ್ಸಲ್ಲಿರುತ್ತಾರೆ, ಸ್ವಲ್ಪ ಹೊತ್ತು ನಿಂತರೂ ನಡೆಯುತ್ತದೆ. ರಾತ್ರಿ ನಿದ್ದೆಗೆ ಜಾರಿದ ನಾಲ್ಕು ವರ್ಷದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಜನರಲ್ ಬೋಗಿಯಲ್ಲಿ ಮಂಡ್ಯವರೆಗೆ ನಿಲ್ಲುವುದು ಬೇರೆಯೇ ವಿಷಯ. ಭಾನುವಾರ ರಾತ್ರಿ ಮೈಸೂರಿಂದ ಬೆಂಗಳೂರಿಗೆ ಅರ್ಧ ಊರೇ ಕೆಲಸಕ್ಕೆ ವಾಪಸ್ ಹೊರಡುತ್ತದೆ, ಮರೆಯಬೇಡಿ.

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಎಸಿ ಬೇಕಿಲ್ಲದಿದ್ದರೆ ಸೆಕೆಂಡ್ ಸಿಟ್ಟಿಂಗ್ ಸಾಕು, ಸುಮಾರು 140 ಕಿಲೋಮೀಟರ್ ದಾರಿ, ರೈಲು ನೋಡಿಕೊಂಡು ಎರಡರಿಂದ ಮೂರು ಗಂಟೆ. ದೀಪ ನೋಡುವ ಆಸೆ ಇದ್ದರೆ ಮೈಸೂರು ಬಿಡುವ ಸಮಯ 8.30ರ ಮೇಲೆಯೇ ಇರಲಿ. ಅದಕ್ಕಿಂತ ಮುಂಚಿನ ರೈಲೇ ಸಿಕ್ಕಿದರೆ ದೀಪ ಬಿಟ್ಟುಬಿಡಿ. ಎರಡನ್ನೂ ಹಿಡಿಯಲು ಹೋಗಿ ಸ್ಟೇಷನ್ ಮೆಟ್ಟಿಲ ಮೇಲೆ ಅತ್ತೆಯನ್ನು ಓಡಿಸಿದ ಪಾಪ ನನಗಿದೆ.

ರೈಲು ಸಿಗದಿದ್ದರೆ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಸೀಟು ಕಾದಿರಿಸಿ. ಮನೆಯ ಹೆಂಗಸರು ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಬರುತ್ತಾರೆ ಅಂದುಕೊಂಡಿದ್ದರೆ ಒಂದು ವಿಷಯ ನೆನಪಿರಲಿ. ಅದು ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ, ಐರಾವತ, ಎಸಿ ಬಸ್ಸಿಗೆ ಎಲ್ಲರೂ ದುಡ್ಡು ಕೊಡಬೇಕು.

## ಹಂತ 3: ಬ್ಯಾಗು ತುಂಬುವ ಕ್ರಮ

ಇಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು, ದಿನವಿಡೀ ಹೊರುವವರು ನೀವೇ.

- ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ, ಹೆಂಗಸರು ಒಬ್ಬೊಬ್ಬರೂ ತಮ್ಮದನ್ನು ತಮ್ಮ ಕೈಯಲ್ಲೇ. ಅರ್ಧ ಟಿಕೆಟ್ ವಯಸ್ಸಿನ ಮಗಳ ಆಧಾರ್ ಕೂಡ. ಒಂದೇ ಪರ್ಸಲ್ಲಿ ಎಲ್ಲರದ್ದೂ ಇಟ್ಟರೆ, ಆ ಪರ್ಸು ಇರುವವರು ಬಸ್ಸಿನ ಹಿಂದಿನ ಬಾಗಿಲಲ್ಲಿ ಹತ್ತಿರುತ್ತಾರೆ.
- ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ, ಬಟ್ಟೆ ಚೀಲ. ಯಾಕೆ ಅಂತ ಝೂ ಹಂತದಲ್ಲಿ ಹೇಳುತ್ತೇನೆ.
- ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ. ಅರಮನೆ ಒಳಗೆ ಚಪ್ಪಲಿ ಬಿಡಬೇಕು. ಲೇಸ್ ಕಟ್ಟುವ ಶೂ ನಾಲ್ಕು ಜೊತೆ ಇದ್ದರೆ ಕಟ್ಟುವುದರಲ್ಲೇ ಕಾಲು ಗಂಟೆ.
- ಹತ್ತು, ಇಪ್ಪತ್ತರ ನೋಟು. ಬಸ್ಸಲ್ಲಿ ಯುಪಿಐ ಬಂದಿದೆ, ಆದರೆ ಸಿಗ್ನಲ್ ಇಲ್ಲದ ಕಡೆ ಕಂಡಕ್ಟರ್ ಮುಖ ನೋಡಬೇಕಾಗುತ್ತದೆ.
- ಕೊಡೆ, ಒಂದು ತೆಳು ಟವೆಲ್, ಮಗುವಿಗೆ ಒಂದು ಜೊತೆ ಬಟ್ಟೆ.
- ಪ್ರತಿ ಮಗುವಿನ ಜೇಬಲ್ಲಿ ನಿಮ್ಮ ನಂಬರ್ ಬರೆದ ಚೀಟಿ.

ಮಡಚುವ ತಳ್ಳುಗಾಡಿ ತರಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಝೂ ಒಳಗೆ ಅದು ವರ, ಸಿಟಿ ಬಸ್ಸಲ್ಲಿ ಶಾಪ. ಮೂರು ದಾಟಿದ ಮಗುವಾದರೆ ಬಿಟ್ಟು ಬನ್ನಿ.

## ಹಂತ 4: ಬೆಂಗಳೂರಿಂದ ಹೊರಡುವುದು

ಭಾನುವಾರ ನಮ್ಮ ಮೆಟ್ರೊ ಶುರುವಾಗುವುದು ಬೆಳಗ್ಗೆ 7ಕ್ಕೆ. ಬೇರೆ ದಿನದ ಹಾಗೆ 5ಕ್ಕಲ್ಲ. ಬೆಳಗ್ಗೆ 6, 6.30ರ ರೈಲಿಗೆ ಟಿಕೆಟ್ ಮಾಡಿಸಿ, ಮೆಟ್ರೊ ನಂಬಿಕೊಂಡು ಬಂದು ಮುಚ್ಚಿದ ಶಟರ್ ಮುಂದೆ ನಿಲ್ಲುವವರು ಪ್ರತಿ ವಾರ ಇರುತ್ತಾರೆ. ಭಾನುವಾರ ಬೇಗ ಹೊರಡುವುದಾದರೆ ಬಿಎಂಟಿಸಿ ಬಸ್ಸು ಅಥವಾ ಆಟೊವನ್ನು ಹಿಂದಿನ ರಾತ್ರಿಯೇ ಯೋಚಿಸಿ.

ರೈಲಾದರೆ: ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಎರಡು ಮೆಟ್ರೊ ಸ್ಟೇಷನ್ ಹತ್ತಿರ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಮುಂದಿನ ಬಾಗಿಲು, ಒಂದನೇ ಪ್ಲಾಟ್‌ಫಾರ್ಮ್ ಕಡೆ. ನೇರಳೆ ಮಾರ್ಗದಲ್ಲಿ ಚಲ್ಲಘಟ್ಟ ಕಡೆಗೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಹಿಂದಿನ ಬಾಗಿಲು, ಹತ್ತನೇ ಪ್ಲಾಟ್‌ಫಾರ್ಮ್ ಕಡೆ. ನಿಮ್ಮ ರೈಲು ಯಾವ ಪ್ಲಾಟ್‌ಫಾರ್ಮ್ ಅಂತ ಮೊಬೈಲಲ್ಲಿ ನೋಡಿಕೊಂಡು ಇಳಿದರೆ ಮೇಲ್ಸೇತುವೆ ಹತ್ತಿ ಇಳಿಯುವ ಕಷ್ಟ ಅರ್ಧ ತಪ್ಪುತ್ತದೆ. ಮೊಣಕಾಲು ನೋವಿನವರು ಜೊತೆಗಿದ್ದರೆ ಇದೇ ದೊಡ್ಡ ಉಪಕಾರ.

ಜನರಲ್ ಟಿಕೆಟ್ ತಗೊಂಡಿದ್ದರೆ ಎರಡು ಎಚ್ಚರಿಕೆ. ಮೂರು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು, ಹಿಂದಿನ ದಿನ ಮಾಡಿಟ್ಟುಕೊಳ್ಳುವ ಹಾಗಿಲ್ಲ. ಮತ್ತೆ, ಆ ಟಿಕೆಟ್ ಹಿಡಿದು ರಿಸರ್ವೇಷನ್ ಬೋಗಿ ಹತ್ತಬೇಡಿ. "ಸೀಟು ಖಾಲಿ ಇತ್ತು ಸಾರ್" ಅನ್ನುವ ಮಾತು ಟಿಟಿ ಹತ್ತಿರ ನಡೆಯಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರವರೆಗೆ ಜನರಲ್‌ನಲ್ಲಿ ಅರ್ಧ.

ಬಸ್ಸಾದರೆ: ದೀಪಾಂಜಲಿನಗರ ಮೆಟ್ರೊದಲ್ಲಿ ಇಳಿದು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ. ಬಸ್ ಹತ್ತುವ ಮುಂಚೆ ಒಂದೇ ಪ್ರಶ್ನೆ: "ನಾನ್‌ಸ್ಟಾಪಾ?" ಬೋರ್ಡಲ್ಲಿ ಮೈಸೂರು ಅಂತಲೇ ಇರುತ್ತದೆ, ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಸ್ಟ್ಯಾಂಡಿಗೂ ನುಗ್ಗಿ ಬರುವ ಬಸ್ಸು ನಾನ್‌ಸ್ಟಾಪ್‌ಗಿಂತ ಒಂದು ಗಂಟೆ ಹಿಂದೆ ಬೀಳಬಹುದು. ಹೆಂಗಸರು ಉಚಿತ ಅಂತ ಸುಮ್ಮನೆ ಕೂರುವ ಹಾಗಿಲ್ಲ, ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಕೇಳಿ ತಗೊಳ್ಳಬೇಕು.

ರೈಲಲ್ಲಿ ಹೋಗುವವರಿಗೆ ಒಂದು ಲಾಭ ಇದೆ. ಮದ್ದೂರಿನ ಆಸುಪಾಸಲ್ಲಿ ಬುಟ್ಟಿ ಹಿಡಿದು "ವಡೆ, ವಡೆ, ಮದ್ದೂರ್ ವಡೇ" ಅಂತ ಹತ್ತುತ್ತಾರಲ್ಲ, ಆ ಪೇಪರ್ ಮೇಲೆ ಎಣ್ಣೆ ಮೂಡಿಸುವ ಈರುಳ್ಳಿ ವಡೆ ಕೈಗೆ ಕೊಟ್ಟರೆ ಮಕ್ಕಳು ಶ್ರೀರಂಗಪಟ್ಟಣದ ಸೇತುವೆವರೆಗೂ ಗಲಾಟೆ ಮಾಡಲ್ಲ. ಅಲ್ಲಿ ಕಿಟಕಿ ಪಕ್ಕ ಕೂರಿಸಿ ಕಾವೇರಿ ತೋರಿಸಿ.

## ಹಂತ 5: ಇಳಿದ ಮೇಲೆ ಮೊದಲ ಅರ್ಧ ಗಂಟೆ

ಜನ ದಾರಿ ತಪ್ಪುವುದು ಇಲ್ಲೇ. ಮೈಸೂರಲ್ಲಿ ಎರಡು ಬಸ್ ಸ್ಟ್ಯಾಂಡ್ ಇವೆ. ಬೆಂಗಳೂರು ಬಸ್ಸು ಬಂದು ನಿಲ್ಲುವುದು ಸಬರ್ಬನ್ ಸ್ಟ್ಯಾಂಡಲ್ಲಿ. ಊರೊಳಗೆ ಓಡಾಡುವ ಬಸ್ಸು ಹೊರಡುವುದು ಸಿಟಿ ಬಸ್ ಸ್ಟ್ಯಾಂಡಿಂದ, ಅದು ಕೆ.ಆರ್. ವೃತ್ತದ ಹತ್ತಿರ, ಅರಮನೆ ಪಕ್ಕ. ರೈಲ್ವೆ ಸ್ಟೇಷನ್ ಇವೆರಡಕ್ಕೂ ಸೇರದೆ ಇನ್ನೊಂದು ದಿಕ್ಕಲ್ಲಿದೆ, ಅರಮನೆಯಿಂದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ.

ಮೊದಲ ಸಲ ನಾವು ಸಬರ್ಬನ್ ಸ್ಟ್ಯಾಂಡಲ್ಲೇ ಬೆಟ್ಟದ 201 ನಂಬರ್ ಬಸ್ಸಿಗೆ ಕಾದು ನಿಂತಿದ್ದೆವು. ನಲವತ್ತು ನಿಮಿಷ. ಮಗ ಎರಡು ಬಿಸ್ಕೆಟ್ ಪ್ಯಾಕು ಮುಗಿಸಿದ. ಕೊನೆಗೆ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿಯೊಬ್ಬರು ನೋಡಲಾಗದೆ, "ಅಯ್ಯೋ, ಆ ಬಸ್ಸು ಇಲ್ಲಿಗೆ ಬರಲ್ಲ ಕಣಪ್ಪ, ಸಿಟಿ ಸ್ಟ್ಯಾಂಡ್‌ಗೆ ಹೋಗು" ಅಂದರು. ಅತ್ತೆ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿ ಇತ್ತು.

ಹಾಗಾಗಿ ಯಾರನ್ನು ದಾರಿ ಕೇಳಿದರೂ ಬರೀ "ಬಸ್ ಸ್ಟ್ಯಾಂಡ್" ಅನ್ನಬೇಡಿ. ಸಿಟಿ ಸ್ಟ್ಯಾಂಡಾ, ಸಬರ್ಬನ್ನಾ ಅಂತ ಸ್ಪಷ್ಟವಾಗಿ ಕೇಳಿ.

ಇಲ್ಲಿ ನನ್ನ ಸಲಹೆ ಕೆಲವರಿಗೆ ಇಷ್ಟ ಆಗಲ್ಲ: ಇಡೀ ದಿನದಲ್ಲಿ ಒಂದು ಆಟೊಗೆ ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲೇ ಮಾಡಿ, ನೇರ ಝೂಗೆ. ಸ್ಟೇಷನ್ನಿಂದ ಸಿಟಿ ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಅಂತ ಉಳಿಸಿದ ದುಡ್ಡಿಗಿಂತ ಬೆಳಗಿನ ಅರ್ಧ ಗಂಟೆ ದೊಡ್ಡದು. ಸ್ಟೇಷನ್ ಮುಂದೆ ಪ್ರೀಪೇಯ್ಡ್ ಆಟೊ ಕೌಂಟರ್ ಇದೆ, ಅಲ್ಲೇ ಚೀಟಿ ಮಾಡಿಸಿ. ಬಸ್ಸಲ್ಲಿ ಬಂದವರಿಗೆ ಸಬರ್ಬನ್ ಸ್ಟ್ಯಾಂಡಿಂದ ಝೂ ಹತ್ತಿರವೇ, ದೊಡ್ಡ ಮಕ್ಕಳಾದರೆ ನಡೆದೇ ಹೋಗಬಹುದು.

ಎಚ್ಚರಿಕೆ: ಆಟೊದವರು "ಝೂಗೆ ಆಮೇಲೆ ಹೋಗೋಣ, ಮೊದಲು ಸಿಲ್ಕು, ಗಂಧದೆಣ್ಣೆ ಅಂಗಡಿ ತೋರಿಸುತ್ತೀನಿ, ಇಪ್ಪತ್ತೇ ರೂಪಾಯಿ" ಅಂದರೆ ಇಳಿದುಬಿಡಿ. ಕಮಿಷನ್ ಅಂಗಡಿ ಸುತ್ತಿಸುವುದರಲ್ಲಿ ಬೆಳಗ್ಗೆ ಮುಗಿಯುತ್ತದೆ.

## ಹಂತ 6: ಝೂ, ಬಿಸಿಲೇರುವ ಮುಂಚೆ

ಝೂ 8.30ಕ್ಕೆ ತೆರೆಯುತ್ತದೆ. ಬೆಳಗ್ಗೆ ಪ್ರಾಣಿಗಳು ಓಡಾಡುತ್ತಾ ಇರುತ್ತವೆ. ಮಧ್ಯಾಹ್ನ ಹೋದರೆ ಹುಲಿಯ ಬಾಲ ಮಾತ್ರ ಕಾಣುತ್ತದೆ, ಅದೂ ಮರದ ನೆರಳಲ್ಲಿ. ಟಿಕೆಟನ್ನು ಆನ್‌ಲೈನಲ್ಲೇ ತಗೊಂಡರೆ ಭಾನುವಾರದ ಕ್ಯೂ ತಪ್ಪುತ್ತದೆ.

ಗೇಟಲ್ಲಿ ಬ್ಯಾಗು ತೆರೆಸಿ ನೋಡುತ್ತಾರೆ, ಪ್ಲಾಸ್ಟಿಕ್ ಒಳಗೆ ಬಿಡಲ್ಲ. ನಮ್ಮ ಮುಂದೆ ನಿಂತಿದ್ದ ಮನೆಯವರ ಬ್ಯಾಗಿಂದ ಚಿಪ್ಸ್ ಪ್ಯಾಕು, ಬಾಳೆಹಣ್ಣಿನ ಕವರು, ಉಪ್ಪಿನಕಾಯಿ ಸ್ಯಾಷೆ ಒಂದೊಂದಾಗಿ ಹೊರಬಂದು, ಎಲ್ಲವನ್ನೂ ಅಲ್ಲೇ ನಿಂತು ತಿಂದು ಮುಗಿಸಿದರು. ಹತ್ತು ನಿಮಿಷ ಹಿಂದಿನ ಸಾಲೆಲ್ಲಾ ಅವರನ್ನೇ ನೋಡುತ್ತಿತ್ತು. ಸ್ಟೀಲ್ ಡಬ್ಬಿ ಅಂದಿದ್ದು ಇದಕ್ಕೇ.

ಒಳಗೆ ದಾರಿ ಮೂರು ಕಿಲೋಮೀಟರಿಗೂ ಜಾಸ್ತಿ. ಶುರುವಲ್ಲೇ ಹಕ್ಕಿಗಳ ಮುಂದೆ ಮುಕ್ಕಾಲು ಗಂಟೆ ಕಳೆದು, ಆನೆ ಬರುವಷ್ಟರಲ್ಲಿ ಮಕ್ಕಳು ಎತ್ತಿಕೋ ಅನ್ನುವುದು ಎಲ್ಲರ ಅನುಭವ. ಮೊದಲೇ ಮಕ್ಕಳನ್ನು ಕೇಳಿ, ತಲಾ ಮೂರು ಪ್ರಾಣಿ ಹೆಸರಿಸಲಿ. ನಮ್ಮ ಮಗಳು ಗೊರಿಲ್ಲಾ, ಜಿರಾಫೆ, ಹುಲಿ ಅಂದಳು. ಮಗ ಆನೆ, ಆನೆ, ಆನೆ. ಆ ನಾಲ್ಕರ ಮುಂದೆ ನಿಧಾನ ನಿಲ್ಲಿ, ಉಳಿದಿದ್ದನ್ನು ನಡೆಯುತ್ತಲೇ ನೋಡಿ. ನಡೆಯಲಾಗದ ಹಿರಿಯರಿಗೆ ಬ್ಯಾಟರಿ ಗಾಡಿ ಇದೆ. ಒಳಗೆ ಹೋದ ತಕ್ಷಣ ಕೇಳಿ, ಅರ್ಧ ದಾರಿಯಲ್ಲಿ ಸುಸ್ತಾದ ಮೇಲಲ್ಲ.

ಕಾರಂಜಿ ಕೆರೆಗೂ ಸೇರಿಸಿ ಕಾಂಬೊ ಟಿಕೆಟ್ ಕೊಡುತ್ತಾರೆ. ಹಕ್ಕಿಗಳ ಮಧ್ಯೆಯೇ ನಡೆದು ಹೋಗುವ ದೊಡ್ಡ ಪಂಜರ ಅಲ್ಲಿದೆ, ಚೆನ್ನಾಗಿದೆ. ಆದರೆ 12 ಗಂಟೆಯೊಳಗೆ ಝೂ ಮುಗಿದಿದ್ದರೆ ಮಾತ್ರ ತಗೊಳ್ಳಿ.

## ಹಂತ 7: ಊಟ ಮತ್ತು ಒಂದು ಗಂಟೆ ಸುಮ್ಮನೆ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಸಂಜೆಯ ಜಗಳಕ್ಕೆಲ್ಲ ಮೂಲ ಇದೇ. ನಜರ್‌ಬಾದ್‌ನ ಮೈಲಾರಿ ದೋಸೆ ಝೂ ಕಡೆಯಿಂದ ಹತ್ತಿರವೇ, ಬೆಣ್ಣೆ ಹಾಕಿದ ಮೆತ್ತನೆ ದೋಸೆ. ಭಾನುವಾರ ಹೊರಗೆ ನಿಂತು ಕಾಯಬೇಕು, ಹಸಿದ ಮಗು ಜೊತೆಗಿದ್ದರೆ ಪಕ್ಕದ ಯಾವುದಾದರೂ ಊಟದ ಹೋಟೆಲ್ಲೇ ಸರಿ. ತಿಂದ ಮೇಲೆ ನೆರಳಲ್ಲಿ ಕೂತುಬಿಡಿ. ಚಿಕ್ಕವನು ಹೆಗಲ ಮೇಲೆ ಅರ್ಧ ಗಂಟೆ ನಿದ್ದೆ ಮಾಡಿದರೆ ರಾತ್ರಿ ಎಂಟರವರೆಗೂ ನಿಮ್ಮ ದಿನ ಉಳಿದ ಹಾಗೆ.

## ಹಂತ 8: ಅರಮನೆ, ಮೂರು ಗಂಟೆಗೆ

ಝೂ ಮುಂದಿನ ಸ್ಟಾಪಲ್ಲಿ ಸಿಟಿ ಸ್ಟ್ಯಾಂಡ್ ಕಡೆ ಹೋಗುವ ಬಸ್ಸು ಹಿಡಿಯಿರಿ. ಹತ್ತುವಾಗಲೇ "ಅರಮನೆ ಹತ್ತಿರ ಇಳಿಸಿ" ಅಂತ ಕಂಡಕ್ಟರ್‌ಗೆ ಹೇಳಿ. ಇಳಿದ ಮೇಲೆ ಎದುರಿಗೆ ಕಂಡ ಬಾಗಿಲಿಗೆಲ್ಲ ಹೋಗಬೇಡಿ. ಅರಮನೆಗೆ ನಾಲ್ಕು ದಿಕ್ಕಿಗೂ ಬಾಗಿಲಿದೆ, ಪ್ರವಾಸಿಗರನ್ನು ಬಿಡುವುದು ದಕ್ಷಿಣದ ವರಾಹ ದ್ವಾರದಿಂದ. ಬಿಸಿಲಲ್ಲಿ ಕೋಟೆಗೋಡೆ ಸುತ್ತುವುದು ಅಂದರೆ ಸುಮ್ನೆ ಅಲ್ಲ.

5.30ಕ್ಕೆ ಒಳಗಿನ ಭೇಟಿ ಮುಗಿಯುತ್ತದೆ. 3ರಿಂದ 3.30ರೊಳಗೆ ಒಳಗಿದ್ದರೆ ಆರಾಮ. 4.30 ದಾಟಿದ್ದರೆ ಟಿಕೆಟ್ ತಗೊಳ್ಳಬೇಡಿ, ಜನರ ಮಧ್ಯೆ ತಳ್ಳಿಸಿಕೊಂಡು ಬರುವುದಷ್ಟೇ ಆಗುತ್ತದೆ. ಚಪ್ಪಲಿ ಬಿಡುವ ಕಡೆ ಕೊಡುವ ಟೋಕನ್ನಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಳಗೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಗೋಡೆ ಮೇಲಿನ ದಸರಾ ಮೆರವಣಿಗೆ ಚಿತ್ರಗಳಲ್ಲಿ ಆನೆ ಎಷ್ಟು ಅಂತ ಎಣಿಸುವುದು. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ಗಾಜಿನ ಚಾವಣಿಯ ನವಿಲು ನೋಡುವುದು. ದೊಡ್ಡವರು ಅಷ್ಟರಲ್ಲಿ ನಿಧಾನವಾಗಿ ನೋಡಿಕೊಳ್ಳಬಹುದು.

## ಹಂತ 9: ಮಾರುಕಟ್ಟೆ, ಆಮೇಲೆ ದೀಪ

5.30ರಿಂದ 7ರವರೆಗೆ ಒಂದೂವರೆ ಗಂಟೆ ಖಾಲಿ. ಇದನ್ನೇ ದೇವರಾಜ ಮಾರುಕಟ್ಟೆಗೆ ಇಟ್ಟಿದ್ದು. ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದರೆ ಸಿಗುತ್ತದೆ. ಹೂವಿನ ಸಾಲಲ್ಲಿ ಮಲ್ಲಿಗೆಯನ್ನು ಮೊಳ ಹಾಕಿ ಕೊಡುವುದನ್ನು ನಮ್ಮ ಮಗಳು ಮೊದಲ ಸಲ ನೋಡಿದ್ದು ಇಲ್ಲಿ. ಹೂವಾಡಗಿತ್ತಿ ತನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದಾಗ, "ಅಜ್ಜಿ ಕೈಯಲ್ಲಿ ಅಳೆದ್ರೆ ಜಾಸ್ತಿ ಬರುತ್ತಾ?" ಅಂತ ಕೇಳಿದಳು. ಆಯಮ್ಮ ನಕ್ಕು ಇನ್ನೊಂದು ಗೇಣು ಸೇರಿಸಿಕೊಟ್ಟರು. ಕುಂಕುಮದ ಗುಡ್ಡೆಗಳ ಸಾಲು, ವೀಳ್ಯದೆಲೆ ಕಟ್ಟು, ಬಾಳೆಗೊನೆ... ಅರಮನೆಗಿಂತ ಮಕ್ಕಳಿಗೆ ನೆನಪಿರುವುದು ಇದೇ. ಬಣ್ಣದ ಗುಡ್ಡೆಗೆ ಕೈ ಹಾಕದ ಹಾಗೆ ನೋಡಿಕೊಳ್ಳಿ. ಮೈಸೂರು ಪಾಕ್ ಬೇಕಿದ್ದರೆ ಇದೇ ರಸ್ತೆಯಲ್ಲಿ ತಗೊಂಡುಬಿಡಿ, ಸ್ಟೇಷನ್ ಹತ್ತಿರ ಹುಡುಕಬೇಡಿ.

6.40ಕ್ಕೆ ಮಾರ್ಕೆಟ್ ಬಿಡಿ. ದೀಪ ಹತ್ತುವ ಕ್ಷಣವೇ ನೋಡಬೇಕಾದ್ದು, ಹತ್ತಿದ ಮೇಲೆ ಹತ್ತು ನಿಮಿಷ ಸಾಕು. 7.20ಕ್ಕೆ ಹೊರಗೆ ಬನ್ನಿ. ಪೂರ್ತಿ ಮುಗಿದ ಮೇಲೆ ಹೊರಟರೆ ಎಲ್ಲರೂ ಒಟ್ಟಿಗೆ ಆಟೊ ಹುಡುಕುತ್ತಾರೆ, ರೇಟು ಏರುತ್ತದೆ.

## ಹಂತ 10: ವಾಪಸ್

ಅರಮನೆಯಿಂದ ಸಬರ್ಬನ್ ಸ್ಟ್ಯಾಂಡ್ ನಡೆಯುವ ದೂರ. ರೈಲ್ವೆ ಸ್ಟೇಷನ್ನಿಗೆ ಸಿಟಿ ಬಸ್ಸು ಅಥವಾ ಆಟೊ, ಅರ್ಧ ಗಂಟೆ ಕೈಯಲ್ಲಿರಲಿ.

ಬೆಂಗಳೂರಲ್ಲಿ ಕೊನೆಯ ಮೆಟ್ರೊ ಹೊರಡುವುದು ರಾತ್ರಿ 11ರ ಆಸುಪಾಸು. ಬಸ್ಸು 10.30 ಆದರೂ ಇನ್ನೂ ಬಿಡದಿ ಹತ್ತಿರ ಇದ್ದರೆ, ಸ್ಯಾಟಲೈಟ್‌ವರೆಗೆ ಕಾಯದೆ ಕೆಂಗೇರಿಯಲ್ಲಿ ಇಳಿದು ಅಲ್ಲಿಂದಲೇ ಮೆಟ್ರೊ ಹಿಡಿಯಿರಿ.

## ಬೆಟ್ಟ ಬೇಕೇ ಬೇಕು ಅನ್ನುವವರಿಗೆ

ಮನೆಯಲ್ಲಿ ಹಿರಿಯರಿದ್ದರೆ ಚಾಮುಂಡಿ ತಾಯಿಯ ದರ್ಶನ ಬಿಡಲು ಒಪ್ಪಲ್ಲ, ಗೊತ್ತು. ಹಾಗಿದ್ದರೆ ಝೂ ಕೈಬಿಡಿ, ಬೆಳಗ್ಗೆ ನೇರ ಸಿಟಿ ಸ್ಟ್ಯಾಂಡಿಗೆ ಹೋಗಿ 201 ಹತ್ತಿ. ಮಧ್ಯಾಹ್ನ 2ರಿಂದ 3.30ರವರೆಗೆ ದೇವಸ್ಥಾನದ ಬಾಗಿಲು ಹಾಕಿರುತ್ತದೆ, 12ರೊಳಗೆ ಮೇಲಿರಿ. ಸಾವಿರ ಮೆಟ್ಟಿಲು ಹತ್ತುವ ಉಮೇದು ಮಕ್ಕಳಿಗಿದ್ದರೆ ಉಲ್ಟಾ ಮಾಡಿ. ಬಸ್ಸಲ್ಲಿ ಮೇಲೆ ಹೋಗಿ, ದೊಡ್ಡ ನಂದಿಯವರೆಗೆ ಮೆಟ್ಟಿಲಲ್ಲಿ ಇಳಿಯಿರಿ. ಚೀಲದಲ್ಲಿ ಬಾಳೆಹಣ್ಣು ಕಾಣುವ ಹಾಗೆ ಮಾತ್ರ ಇಟ್ಟುಕೊಳ್ಳಬೇಡಿ, ಕೋತಿಗಳಿವೆ.

## ಪ್ಲಾನು ಬಿಡಬೇಕಾದ ಸೂಚನೆಗಳು

ಬೆಳಗ್ಗೆ 11.30 ಆದರೂ ಇನ್ನೂ ಝೂ ಗೇಟಿನ ಹೊರಗಿದ್ದೀರಾ? ಝೂ ಬಿಡಿ. ಸ್ಟೇಷನ್ ಹತ್ತಿರದ ರೈಲ್ವೆ ಮ್ಯೂಸಿಯಂಗೆ ಹೋಗಿ, ಹಳೇ ಎಂಜಿನ್ ಮತ್ತು ಪುಟಾಣಿ ರೈಲು ಚಿಕ್ಕ ಮಕ್ಕಳಿಗೆ ಒಂದು ಗಂಟೆಗೆ ಧಾರಾಳ.

ಮಗು ಊಟ ಬೇಡ ಅಂತಿದೆ, ಮುಖ ಕೆಂಪಾಗಿದೆ, ಮಾತು ಕಡಿಮೆ ಆಗಿದೆ ಅಂದರೆ ಅದು ಹಟ ಅಲ್ಲ, ಬಿಸಿಲು. ನೆರಳು, ನೀರು, ಮಜ್ಜಿಗೆ, ಮುಂದಿನ ಜಾಗ ಕ್ಯಾನ್ಸಲ್.

ಸಂಜೆ ಮೋಡ ಕಟ್ಟಿ ಮಳೆ ಶುರುವಾಯಿತು ಅಂದರೆ ದೀಪಕ್ಕೆ ಕಾಯಬೇಡಿ. ನಾವು ಒಮ್ಮೆ ಕಾದೆವು. ಒಂದು ಕೊಡೆ, ಐದು ಜನ.